ಬೀಗದ ಹೊರಗೆ ಇಟ್ಟ ಪಟ

ಇದನ್ನು ಓದುವ ಸಾಹೇಬರೇ, ಮೊದಲು ಕೈಯಲ್ಲಿರುವ ಪೇಪರನ್ನು ಬದಿಗೆ ಇಡಿ. ಶನಿವಾರ ನಾನು ಇದೇ ಠಾಣೆಗೆ ಬಂದು ಬಾಯಿ ಒಣಗುವಷ್ಟು ಹೇಳಿದ್ದೆ. ನೀವು ಹೂಂ ಹೂಂ ಎಂದಿರಿ. ಕೊನೆಗೆ ಬರೆದುಕೊಂಡದ್ದು ಎಷ್ಟು? ಮೂರು ಸಾಲು. ಅದರಲ್ಲಿ ಒಂದು ಸಾಲು ನನ್ನ ವಿಳಾಸ, ಅದೂ ತಪ್ಪು. ಒಂದು ಹೆಣ್ಣುಮಗಳ ಅನ್ನದ ಪ್ರಶ್ನೆ ಮೂರು ಸಾಲಿನಲ್ಲಿ ಮುಗಿಯುವುದಾದರೆ ನಿಮಗೆ ಇಷ್ಟು ದೊಡ್ಡ ಮೇಜು ಎಂತಕ್ಕೆ? ಹಾಗಾಗಿ ಇವತ್ತು ರೈಟರ್ ಮಲಕಪ್ಪನವರ ಎದುರು ಕೂತು, ಹೇಳಿದ್ದನ್ನು ಹೇಳಿದ ಹಾಗೆ ಬರೆಯಬೇಕು, ಚಂದ ಮಾಡಲಿಕ್ಕೆ ಹೋಗಬಾರದು ಎಂದು ಹೇಳಿ ಬರೆಸುತ್ತಿದ್ದೇನೆ. ಬೈದದ್ದೂ ಬರೀಲೇನ್ರಿ ಅಜ್ಜಿ ಎಂದು ಅವರು ಕೇಳಿದರು. ಅದನ್ನೇ ಮೊದಲು ಬರೆಯಿರಿ ಎಂದೆ.

ನನ್ನ ಹೆಸರು ಅಕ್ಕು ಯಾನೆ ಅಕ್ಕಮ್ಮ. ಪ್ರಾಯ ಅರವತ್ತೊಂಬತ್ತು. ನಿಮ್ಮ ಹಳೆಯ ಮೂರು ಸಾಲಿನಲ್ಲಿ ಎಪ್ಪತ್ತೊಂಬತ್ತು ಎಂದು ಉಂಟು, ಅದನ್ನು ಹೊಡೆದುಹಾಕಿ. ಕಸುಬು ಬೀಡಿ ಕಟ್ಟುವುದು. ಓದಿದ್ದು ನಾಲ್ಕನೇ ಕ್ಲಾಸು. ವಾಸ ಹಿರಿಯಡ್ಕ ಪೇಟೆಯಿಂದ ಪೆರ್ಡೂರಿಗೆ ಹೋಗುವ ರಸ್ತೆಯಲ್ಲಿ ಒಂದೂವರೆ ಕಿಲೋಮೀಟರು, ಬೀಡಿ ಬ್ರಾಂಚಿನ ಹಿಂದಿನ ಮನೆ. ಮನೆಯಲ್ಲಿ ನಾನು, ನನ್ನ ಮಗಳು ಚಂಪಾ, ಅವಳ ಮಗಳು ವಿಜೇತಾ. ವಿಜೇತಾಳಿಗೆ ಇಪ್ಪತ್ತಮೂರು ವರ್ಷ. ಮಣಿಪಾಲದಲ್ಲಿ ರಕ್ತ ಪರೀಕ್ಷೆ ಮಾಡುವ ಒಂದು ಲ್ಯಾಬಿನಲ್ಲಿ ಕೆಲಸ.

ನಾನು ಈ ದಿನ ಠಾಣೆಗೆ ಹಾಜರಾಗಿ ಬರೆಸುವ ವಿಷಯ ಏನೆಂದರೆ, ವಿಜೇತಾಳ ಪಟವನ್ನು ಪರ್ಕಳದ ಲೊರ್ನಾ ಕದ್ದು ಹೊರಗೆ ಕೊಟ್ಟಿದ್ದಾಳೆ ಎಂದು ನಮ್ಮ ಸಂಘದ ಕಾರ್ಯದರ್ಶಿ ಸರ್ವೋತ್ತಮರು ಕೊಟ್ಟ ದೂರು ಸರಿಯಲ್ಲ. ಪಟ ನಮ್ಮ ಮನೆಯ ಹುಡುಗಿಯದ್ದು. ಕದ್ದಿದ್ದಾರೆ ಎಂದು ಹೇಳುವುದಾದರೆ ನಾವು ಹೇಳಬೇಕು. ನಾವು ಹೇಳುವುದಿಲ್ಲ. ಲೊರ್ನಾ ಪರ್ಕಳದ ಕಂಪ್ಯೂಟರ್ ಸೆಂಟರಿನಲ್ಲಿ ಕೆಲಸ ಮಾಡುವವಳು, ವಿಜೇತಾಳ ಜೊತೆ ಕಾಲೇಜಿಗೆ ಹೋದವಳು. ಅವಳಿಗೆ ಕುವೈತಿನಲ್ಲಿ ಒಂದು ಆಫೀಸಿನ ಕೆಲಸ ಸಿಕ್ಕಿದೆ. ಡಿಸೆಂಬರ್ ಮೊದಲ ವಾರದ ಒಳಗೆ ಹೋಗಿ ಸೇರಬೇಕು. ಅದಕ್ಕೆ ಪೊಲೀಸರ ಸರ್ಟಿಫಿಕೇಟು ಬೇಕು. ಈ ದೂರಿನಲ್ಲಿ ಅವಳ ಹೆಸರು ಇರುವ ತನಕ ಅದು ಸಿಗುವುದಿಲ್ಲ. ಇಷ್ಟು ತಲೆಯಲ್ಲಿ ಇಟ್ಟುಕೊಂಡು ಮುಂದೆ ಓದಿ.

ನಮ್ಮ ಸಮಾಜದ ಸಂಘ ಕಾಪುವಿನಲ್ಲಿ ಉಂಟು. ಹೋದ ವರ್ಷ ಸಂಘದವರು ಒಂದು ವೆಬ್‌ಸೈಟು ಮಾಡಿಸಿದರು. ಮುಂಬಯಿಯಲ್ಲಿ, ಗಲ್ಫಿನಲ್ಲಿ ಇರುವ ನಮ್ಮ ಹುಡುಗರು ಒಂದು ತಿಂಗಳ ರಜೆಯಲ್ಲಿ ಬರುತ್ತಾರೆ. ಬಂದ ಮೇಲೆ ಹುಡುಗಿ ನೋಡಲಿಕ್ಕೆ ಶುರು ಮಾಡಿದರೆ ರಜೆ ಅಲ್ಲಿಗೇ ಮುಗಿಯುತ್ತದೆ. ಅಲ್ಲಿಂದಲೇ ನೋಡಿ ಇಟ್ಟುಕೊಳ್ಳಲಿ ಎಂದು ಅದರಲ್ಲಿ ವಧೂವರರಿಗೆ ಒಂದು ಫೋಲ್ಡರು. ಸರ್ವೋತ್ತಮರು ಆ ಕೆಲಸವನ್ನು ಲೊರ್ನಾಳ ಸೆಂಟರಿಗೆ ಕೊಟ್ಟರು.

ಈ ವರ್ಷ ಜುಲೈಯಲ್ಲಿ ಲೊರ್ನಾ ವಿಜೇತಾಳ ಪಟ ತಕ್ಕೊಂಡು ಹೋಗಲಿಕ್ಕೆ ನಮ್ಮ ಮನೆಗೆ ಬಂದಳು. ಉಡುಪಿಯ ಸ್ಟುಡಿಯೋದಲ್ಲಿ ತೆಗೆದ ಪಟ. ಸೀರೆ ಚಂಪಾಳದ್ದು, ಕಿವಿಯಲ್ಲಿ ನನ್ನ ಬೆಂಡೋಲೆ. ಮಲಕಪ್ಪನವರು ಬೆಂಡೋಲೆ ಎಂದರೆ ಏನ್ರಿ ಎಂದು ಕೇಳಿದರು. ಕಿವಿಯ ಓಲೆ, ಸುತ್ತಲೂ ಕಲ್ಲು, ನಡುವೆ ಒಂದು ಕಲ್ಲು, ನನ್ನ ಅಮ್ಮ ಹಾಕಿದ್ದು. ಎಡಕಿವಿಯದ್ದರಲ್ಲಿ ಕೆಳಗಿನ ಒಂದು ಕಲ್ಲು ಬಿದ್ದು ಹೋಗಿದೆ. ಪಟದಲ್ಲಿ ಆ ಕಲ್ಲಿಲ್ಲದ ಗುಳಿ ಕಾಣುತ್ತದೆ.

ಊರಿನವರೆಲ್ಲ ನೋಡುವ ಹಾಗೆ ಹುಡುಗಿಯ ಪಟ ಹಾಕುವುದಾ ಎಂದು ಚಂಪಾ ಹಿಂದೆ ಮುಂದೆ ನೋಡಿದಳು. ಲೊರ್ನಾ ಹೇಳಿದಳು, ಇಲ್ಲ ಆಂಟಿ, ಫೋಲ್ಡರಿಗೆ ಪಾಸ್‌ವರ್ಡ್ ಉಂಟು, ಬೀಗ ಹಾಕಿದ ಹಾಗೆ, ಅದನ್ನು ಒತ್ತದಿದ್ದರೆ ತೆರೆಯುವುದಿಲ್ಲ ಎಂದು. ಬೀಗದ ಕೈ ಯಾರ ಹತ್ತಿರ ಎಂದು ನಾನು ಕೇಳಿದೆ. ಸರ್ವೋತ್ತಮ ಸರ್, ನಮ್ಮ ಸೆಂಟರಿನ ಯಜಮಾನರು, ನಾನು, ಮತ್ತೆ ಕೇಳಿದ ಸದಸ್ಯರು ಎಂದಳು. ಕೇಳಿದ ಸದಸ್ಯರು ಎಂದರೆ ಎಷ್ಟು ಮಂದಿ ಎಂದೆ. ಅದು ಸರ್‌ಗೆ ಗೊತ್ತು ಅಜ್ಜೀ ಎಂದಳು.

ಸರ್‌ಗೆ ಏನು ಗೊತ್ತಿತ್ತು ಎಂಬುದು ಆಗಸ್ಟ್ ಇಪ್ಪತ್ತೊಂದರ ಭಾನುವಾರ ನನಗೂ ಗೊತ್ತಾಯಿತು. ಅವತ್ತು ಕಾಪುವಿನಲ್ಲಿ ಸಂಘದ ಮಹಾಸಭೆ. ನಾನು ಹೆಂಗಸರ ಸಾಲಿನಲ್ಲಿ ಮುಂದೆ ಕೂತಿದ್ದೆ. ಊಟಕ್ಕೆ ಮೊದಲು ಸರ್ವೋತ್ತಮರು ಮೈಕ್ ಹಿಡಿದರು. ಒಂದು ಕಪ್ಪು ಕೊಡೆ ಸಿಕ್ಕಿದೆ, ಕಳಕೊಂಡವರು ಬಂದು ತಕ್ಕೊಳ್ಳಬೇಕು ಎಂದರು. ಮಕ್ಕಳಿರುವವರು ಮೊದಲ ಪಂಕ್ತಿಗೆ ಹೋಗಬೇಕು ಎಂದರು. ಅದೇ ಉಸಿರಿನಲ್ಲಿ, ವಧೂವರರ ಪಾಸ್‌ವರ್ಡ್ ಗುಟ್ಟಿನದ್ದು, ಸದಸ್ಯರಿಗೆ ಮಾತ್ರ, ದುಬೈಯಲ್ಲಿ ಕುವೈತಿನಲ್ಲಿ ಇರುವ ನಿಮ್ಮ ಮಕ್ಕಳಿಗೆ ಫೋನಿನಲ್ಲಿ ಹೇಳಿ ಎಂದು ಅದನ್ನು ಮೂರು ಸಲ ಹೇಳಿದರು. ಸಂಘದ ಹೆಸರು, ಅದರ ಹಿಂದೆ ಸ್ಥಾಪನೆಯಾದ ವರ್ಷ. ಎರಡೂ ಅವರ ಬೆನ್ನ ಹಿಂದಿನ ಪರದೆಯಲ್ಲಿ ಥರ್ಮೋಕೋಲ್ ಅಕ್ಷರದಲ್ಲಿ ಅಂಟಿಸಿ ಇತ್ತು. ಮೈಕಿನ ಒಂದು ಹಾರ್ನ್ ಬಸ್ಸು ನಿಲ್ಲುವ ಕಡೆಗೆ ಮುಖ ಮಾಡಿ ಕಟ್ಟಿತ್ತು. ಪಂಕ್ತಿಯಲ್ಲಿ ಬಡಿಸುವವರು ಅದನ್ನೇ ಹಾಡು ಮಾಡಿಕೊಂಡು ಸಾರು ಬಡಿಸಿದರು.

ಅದೇ ಸರ್ವೋತ್ತಮರು ನಿಮಗೆ ಕೊಟ್ಟ ದೂರಿನಲ್ಲಿ, ಪಾಸ್‌ವರ್ಡ್ ಅತ್ಯಂತ ಗೌಪ್ಯವಾಗಿತ್ತು, ಮೂವರಿಗೆ ಮಾತ್ರ ತಿಳಿದಿತ್ತು ಎಂದು ಬರೆದಿದ್ದಾರೆ. ನೀವು ಓದಿ ಸೀಲು ಹೊಡೆದಿದ್ದೀರಿ.

ನವೆಂಬರ್ ಎಂಟನೇ ತಾರೀಕು ಮಂಗಳವಾರ ನಾನು ಕಣ್ಣು ತೋರಿಸಲಿಕ್ಕೆ ಉಡುಪಿಗೆ ಹೋಗಿ ಬಸ್ಸಿನಲ್ಲಿ ವಾಪಸು ಬರುತ್ತಿದ್ದೆ. ಕಿಟಕಿ ಬದಿಯ ಸೀಟು. ಪರ್ಕಳ ಪೇಟೆ ಸಿಗುವ ಮೊದಲು ರಸ್ತೆಯ ಬಲಬದಿಯಲ್ಲಿ ಒಂದು ಬ್ಯೂಟಿ ಪಾರ್ಲರಿನ ಫ್ಲೆಕ್ಸ್ ಬ್ಯಾನರು, ಎಂಟು ಅಡಿ ಉದ್ದದ್ದು. ಅದರಲ್ಲಿ ಒಬ್ಬಳು ಮದುಮಗಳು. ಮುಖ ಸುಣ್ಣ ಬಳಿದ ಗೋಡೆಯ ಹಾಗೆ ಬಿಳಿ, ತುಟಿ ಕೆಂಪು. ಯಾರ ಮನೆಯ ಹುಡುಗಿಯಪ್ಪ ಎಂದು ನೋಡಿದರೆ ಎಡಕಿವಿಯ ಬೆಂಡೋಲೆಯಲ್ಲಿ ಕೆಳಗಿನ ಕಲ್ಲು ಇರಲಿಲ್ಲ. ಬಸ್ಸು ನಿಲ್ಲಿಸಿ ಎಂದು ಕೂಗಿದೆ. ಸ್ಟಾಪ್ ಬರಲಿ ಮಾರಾಯ್ರೆ, ಎಂತ ಆಯಿತು ಎಂದು ಕಂಡಕ್ಟರು ಕೇಳಿದ. ನನ್ನ ಬೆಂಡೋಲೆ ಎಂದೆ. ಅವನು ಪಾಪ, ಬಗ್ಗಿ ಸೀಟಿನ ಅಡಿ ಹುಡುಕಿದ.

ಪರ್ಕಳದಲ್ಲಿ ಇಳಿದು ಹೋಗಿ ಪಾರ್ಲರಿನ ಸರಸ ಎಂಬವರ ಹತ್ತಿರ, ಇದು ಯಾರೆಂದು ಗೊತ್ತುಂಟಾ ಎಂದು ಕೇಳಿದೆ. ಕಾರ್ಕಳದ ಫ್ಲೆಕ್ಸ್ ಅಂಗಡಿಯ ಸುಕೇಶನಿಗೆ ಒಂದು ಒಳ್ಳೆ ಮದುಮಗಳನ್ನು ಹಾಕಿ ಕೊಡು ಎಂದಿದ್ದೆ, ಬಾಂಬೆಯ ಮಾಡೆಲ್ ಎಂದು ಅವನು ಹೇಳಿದ್ದಾನೆ ಅಮ್ಮಾ ಎಂದರು. ಬಾಂಬೆಯ ಮಾಡೆಲಿನ ಕಿವಿಗೆ ನನ್ನ ಅಮ್ಮನ ಬೆಂಡೋಲೆ ಹೇಗೆ ಬಂತು ಎಂದು ನಾನು ಕೇಳಿದೆ. ಸರಸ ಒಳ್ಳೆಯ ಹೆಂಗಸು. ಗಲಾಟೆ ಮಾಡಲಿಲ್ಲ. ಸ್ಟೂಲ್ ಹತ್ತಿ ಬ್ಯಾನರನ್ನು ಅವತ್ತೇ ಬಿಚ್ಚಿದರು. ಕ್ಷಮಿಸಿ ಎಂದು ನನಗೆ ಹೇಳಿದ್ದಲ್ಲದೆ ನಮ್ಮ ಪಕ್ಕದ ಮನೆಗೆ ಫೋನ್ ಮಾಡಿ ಕರೆಸಿ ವಿಜೇತಾಳಿಗೂ ಹೇಳಿದರು. ಬ್ಯಾನರ್ ಇದ್ದದ್ದು ಹತ್ತು ದಿನ. ಅಷ್ಟರಲ್ಲಿ ಈ ಹುಡುಗಿ ಯಾರೆಂದು ಎರಡು ಮನೆಯವರು ಅವರ ಹತ್ತಿರ ವಿಚಾರಿಸಿ ಹೋಗಿದ್ದಾರಂತೆ. ಸಂಘದ ಬೀಗದ ಒಳಗಿನಿಂದ ಈ ತನಕ ಒಂದೂ ಸಂಬಂಧ ಬಂದಿರಲಿಲ್ಲ. ಅದು ಬೇರೆ ಮಾತು.

ವಿಜೇತಾ ಅಳಲಿಲ್ಲ. ನಾನು ಇಷ್ಟು ಕಪ್ಪು ಇದ್ದೇನಾ ಅಜ್ಜಿ, ಅವರು ಅಷ್ಟು ಬಿಳಿ ಮಾಡುವಷ್ಟು ಎಂದು ಮಾತ್ರ ಕೇಳಿದಳು. ಮರುದಿನ ಕೆಲಸಕ್ಕೆ ಹೋಗುವಾಗ ಪರ್ಕಳ ದಾಟುವ ತನಕ ಬಸ್ಸಿನಲ್ಲಿ ತಲೆ ತಗ್ಗಿಸಿ ಕೂತಳಂತೆ. ಬ್ಯಾನರ್ ಆಗ ಅಲ್ಲಿ ಇರಲಿಲ್ಲ. ಆದರೂ ತಗ್ಗಿಸಿದಳಂತೆ.

ಬ್ಯಾನರಿನ ಸುದ್ದಿ ಕಾಪುವಿಗೆ ಮುಟ್ಟಿ, ಗುರುವಾರ ಸರ್ವೋತ್ತಮರು ನಮ್ಮನ್ನು ಒಂದು ಮಾತು ಕೇಳದೆ ನಿಮಗೆ ದೂರು ಕೊಟ್ಟರು. ಶನಿವಾರ ಲೊರ್ನಾಳನ್ನು ಠಾಣೆಗೆ ಕರೆಸಿದಿರಿ. ಅವಳ ಅಮ್ಮ ನಮ್ಮ ಮನೆಗೆ ಬಂದರು. ನಾನು ಅವರನ್ನು ಬಾಯಮ್ಮ ಎಂದು ಕರೆಯುತ್ತೇನೆ, ಅವರು ನನ್ನನ್ನು ಅಕ್ಕ ಎನ್ನುತ್ತಾರೆ. ಪ್ರತಿ ಕ್ರಿಸ್‌ಮಸ್‌ಗೆ ಕುಸ್ವಾರ್ ತಿಂಡಿಯ ತಟ್ಟೆ ಹಿಡಿದು ನೇರ ಅಡಿಗೆಕೋಣೆಗೆ ಬರುವವರು ಅವತ್ತು ಅಂಗಳದಲ್ಲೇ ನಿಂತರು. ಅಕ್ಕಾ, ನನ್ನ ಮಗಳು ಕದಿಯುವವಳಾ ಎಂದು ಕೇಳಿದರು. ಅಷ್ಟೇ ಕೇಳಿದ್ದು. ನಾನು ಹೊರಟದ್ದು ಆ ಮಾತಿಗೆ. ಅವತ್ತು ನಾನು ಇಲ್ಲಿ ಬಂದು ಹೇಳಿದ್ದಕ್ಕೆ ನಿಮ್ಮ ಮೂರು ಸಾಲು ಆಯಿತು.

ಸೋಮವಾರ, ಹದಿನಾಲ್ಕನೇ ತಾರೀಕು, ಬೆಳಿಗ್ಗೆ ಹತ್ತರ ಬಸ್ಸಿಗೆ ನಾನು, ವಿಜೇತಾ, ಲೊರ್ನಾ ಮೂವರೂ ಕಾರ್ಕಳಕ್ಕೆ ಹೋದೆವು. ಸುಕೇಶನ ಅಂಗಡಿ ಬಸ್ ಸ್ಟ್ಯಾಂಡಿನಿಂದ ಇನ್ನೂರು ಮೀಟರು. ಅವನು ವಿಜೇತಾಳ ಮುಖ ನೋಡಿದ್ದೇ ಕುರ್ಚಿಯಿಂದ ಎದ್ದ. ನಂತರ ಧೈರ್ಯ ಮಾಡಿ, ಅಜ್ಜೀ, ಇಂಟರ್ನೆಟ್ಟಿನಲ್ಲಿ ಇದ್ದದ್ದು ಎಲ್ಲರದ್ದು ಅಲ್ವಾ ಎಂದ. ನಿನ್ನ ಬೈಕು ರಸ್ತೆಯಲ್ಲಿ ಉಂಟಲ್ಲ, ರಸ್ತೆಯಲ್ಲಿ ಇದ್ದದ್ದು ಎಲ್ಲರದ್ದು ಎಂದು ನಾನು ಹತ್ತಿ ಹೋಗಲಾ ಎಂದು ಕೇಳಿದೆ. ನಿಮಗೆ ಬೈಕ್ ಬಿಡಲಿಕ್ಕೆ ಬರ್ತದಾ ಎಂದ. ತಳ್ಳಿಕೊಂಡು ಹೋಗ್ತೇನೆ, ನಿನಗೆ ಎಂತ ಎಂದೆ.

ಪಾಸ್‌ವರ್ಡ್ ನಿನಗೆ ಯಾರು ಕೊಟ್ಟದ್ದು, ಈ ಹುಡುಗಿಯಾ ಎಂದು ಲೊರ್ನಾಳನ್ನು ತೋರಿಸಿ ಕೇಳಿದೆ. ಇವರನ್ನು ನಾನು ಈಗಲೇ ನೋಡುವುದು, ಯಾವ ಪಾಸ್‌ವರ್ಡ್ ಎಂದು ಅವನು ಕೇಳಿದ. ತೆಗೆದು ತೋರಿಸು ಎಂದೆ. ಅವನು ಕಂಪ್ಯೂಟರಿನಲ್ಲಿ ಹುಡುಕುವ ಜಾಗದಲ್ಲಿ ಇಂಗ್ಲಿಷಿನಲ್ಲಿ ಉಡುಪಿ ವಧು ಎಂಬರ್ಥದ ಎರಡು ಶಬ್ದ ಒತ್ತಿದ. ಸಣ್ಣ ಸಣ್ಣ ಪಟಗಳು ಸಾಲಾಗಿ ಬಂದವು. ಮೂರನೇ ಸಾಲಿನಲ್ಲಿ ನಮ್ಮ ವಿಜೇತಾ. ಅದರ ಮೇಲೆ ಒತ್ತಿದ. ಪಟ ದೊಡ್ಡದಾಗಿ ಬಂತು, ಸುಣ್ಣ ಬಳಿಯದ ನಿಜವಾದ ಬಣ್ಣದಲ್ಲಿ. ಪಾಸ್‌ವರ್ಡ್ ಕೇಳಲೇ ಇಲ್ಲ. ಬೀಗ ಎಲ್ಲಿ ಎಂದು ನಾನು ಲೊರ್ನಾಳನ್ನು ಕೇಳಿದೆ.

ಲೊರ್ನಾ ಸ್ಟೂಲಿನಲ್ಲಿ ಕೂತು ಸಂಘದ ವೆಬ್‌ಸೈಟನ್ನು ಮುಂದಿನ ಬಾಗಿಲಿನಿಂದ ತೆರೆದಳು. ಪಾಸ್‌ವರ್ಡ್ ಕೇಳಿತು. ಬೇಕೆಂದೇ ತಪ್ಪು ಒತ್ತಿದಳು. ಒಳಗೆ ಬಿಡಲಿಲ್ಲ. ಮೇಲಿನ ಪಟ್ಟಿಯಲ್ಲಿ ಪಟದ ವಿಳಾಸವನ್ನೇ ನೇರ ಒತ್ತಿದಳು. ಪಟ ಬಂತು. ಇನ್ನೊಂದು ಹುಡುಗಿಯ ಪಟ ಒತ್ತಿದಳು. ಅದೂ ಬಂತು. ಕೈ ಎರಡನ್ನೂ ಮಡಿಲಲ್ಲಿ ಇಟ್ಟು ಕೂತಳು. ಅಜ್ಜೀ, ಇದು ಯಾರೂ ಮುರಿದದ್ದಲ್ಲ, ನಾನೇ ಹೊರಗೆ ಇಟ್ಟದ್ದು ಎಂದಳು.

ಹೇಗೆಂದರೆ, ಮೊದಲು ಹೆಸರು, ಜಾತಕ, ಪಟ ಎಲ್ಲ ಒಂದೇ ಫೋಲ್ಡರಿನಲ್ಲಿ ಬೀಗದ ಒಳಗೆ ಇತ್ತು. ಸರ್ವೋತ್ತಮರು ಗಲ್ಫಿನ ಹುಡುಗರಿಗೆ ಪಟದ ವಿಳಾಸವನ್ನು ಈಮೇಲಿನಲ್ಲಿ ಕಳಿಸುತ್ತಿದ್ದರು. ಅಲ್ಲಿ ಒತ್ತಿದರೆ ಪಾಸ್‌ವರ್ಡ್ ಕೇಳುತ್ತಿತ್ತು. ಅವರಿಗೆ ಮರೆತುಹೋಗುತ್ತಿತ್ತು, ಸರ್ವೋತ್ತಮರಿಗೆ ಫೋನ್ ಬರುತ್ತಿತ್ತು. ಸೆಪ್ಟೆಂಬರಿನಲ್ಲಿ ಅವರು ಲೊರ್ನಾಳಿಗೆ ಫೋನ್ ಮಾಡಿ, ಹೆಸರು ಮತ್ತು ಜಾತಕ ಬೀಗದ ಒಳಗೆ ಇರಲಿ, ಪಟ ಮಾತ್ರ ಹೊರಗಿನ ಫೋಲ್ಡರಿನಲ್ಲಿ ಇಡು, ಹೆಸರಿಲ್ಲದ ಪಟ ಯಾರದ್ದೆಂದು ಯಾರಿಗೆ ಗೊತ್ತಾಗ್ತದೆ ಮಾರಾಯ್ತಿ ಎಂದರಂತೆ. ಲೊರ್ನಾಳಿಗೂ ಅದು ಸರಿ ಎಂದೇ ಕಂಡಿತಂತೆ. ಹೆಸರು ಹಾಕುವ ಹಾಗಿಲ್ಲವಲ್ಲ ಎಂದು ಪಟಗಳಿಗೆ ಉಡುಪಿ ವಧು ಒಂದು, ಉಡುಪಿ ವಧು ಎರಡು ಎಂದು ನಂಬರು ಕೊಟ್ಟಳಂತೆ. ವಿಜೇತಾ ಹದಿನಾಲ್ಕನೆಯವಳು. ಹುಡುಕುವ ಕಂಪ್ಯೂಟರು ಬೀಗ ಇಲ್ಲದ ಕಡೆಯೆಲ್ಲ ಹೊಕ್ಕು ಬರೆದಿಟ್ಟುಕೊಳ್ಳುತ್ತದಂತೆ. ಸುಕೇಶ ಕೇಳಿದ, ಅದು ತೆಗೆದು ಕೊಟ್ಟಿತು.

ಹೆಸರಿಲ್ಲದ ಪಟ ಅಮೆರಿಕದಲ್ಲಿ ಯಾರಿಗೂ ಗೊತ್ತಾಗಲಿಕ್ಕಿಲ್ಲ. ಆದರೆ ಉಡುಪಿ ಕಾರ್ಕಳ ರಸ್ತೆಯಲ್ಲಿ? ಇಲ್ಲಿ ಹಿಂದಿನಿಂದ ನಡಿಗೆ ನೋಡಿ ಯಾರ ಮಗಳೆಂದು ಹೇಳುತ್ತಾರೆ. ಓಡುವ ಬಸ್ಸಿನಿಂದ ನನಗೆ ಒಂದು ಕಲ್ಲಿನ ಗುಳಿ ಸಾಕಾಯಿತು, ಅದೂ ಕಣ್ಣಿಗೆ ಮದ್ದು ಬಿಟ್ಟುಕೊಂಡು ಬರುವಾಗ. ಸರ್ವೋತ್ತಮರು ಇಷ್ಟು ವರ್ಷ ಕಾಪುವಿನಲ್ಲಿದ್ದು ಇದನ್ನು ಮರೆತದ್ದು ಹೇಗೆಂದು ನೀವೇ ಕೇಳಿ.

ಸುಕೇಶ ತಪ್ಪಾಯಿತು ಎಂದು ವಿಜೇತಾಳಿಗೆ ಹೇಳಿ, ಬ್ಯಾನರಿಗೆ ಮಾಡಿದ ಪಟವನ್ನು ನಮ್ಮ ಎದುರೇ ಅವನ ಕಂಪ್ಯೂಟರಿನಿಂದ ಅಳಿಸಿದ. ಬಿಳಿ ಮಾಡಿದ್ದು ಯಾಕೆ ಎಂದು ವಿಜೇತಾ ಕೇಳಿದಳು. ಎಲ್ಲರಿಗೂ ಮಾಡ್ತೇವೆ ಅಕ್ಕ ಎಂದ. ಇನ್ನು ಮುಂದೆ ಕೇಳಿ ಮಾಡು ಎಂದಳು.

ಅವತ್ತು ಮಧ್ಯಾಹ್ನವೇ ಲೊರ್ನಾ ಮತ್ತು ಅವಳ ಸೆಂಟರಿನ ಯಜಮಾನರು ಕೂತು ಪಟಗಳನ್ನೆಲ್ಲ ಬೀಗದ ಒಳಗೆ ಹಾಕಿದರು. ಹಳೆಯ ಪಾಸ್‌ವರ್ಡ್ ತೆಗೆದರು. ಒಂದೊಂದು ಮನೆಗೆ ಒಂದೊಂದು, ಬೇರೆ ಬೇರೆ. ಎಲ್ಲವನ್ನೂ ಮೈಕಿನಲ್ಲಿ ಹೇಳುತ್ತೇನೆಂದು ಸರ್ವೋತ್ತಮರು ಹೊರಟರೂ ಅಷ್ಟರಲ್ಲಿ ಅನ್ನ ಆರಿ ಹೋಗುತ್ತದೆ. ಮರುದಿನ, ಮಂಗಳವಾರ, ನಾನು ಪರ್ಕಳದ ಬೇರೆ ಒಂದು ಸೈಬರ್ ಕೆಫೆಗೆ ಹೋಗಿ ವಿಜೇತಾಳ ಪಟ ತೋರಿಸಿ ಎಂದು ಕೇಳಿದೆ. ಪಟದ ವಿಳಾಸ ಕೊಟ್ಟೆ. ಪಾಸ್‌ವರ್ಡ್ ಕೇಳಿತು. ಮಹಾಸಭೆಯ ಪಾಸ್‌ವರ್ಡ್ ಕೊಟ್ಟೆ. ಆಗುವುದಿಲ್ಲ ಎಂದಿತು. ನಾನು ಅವಳ ಅಜ್ಜಿ ಎಂದು ಹೇಳಿ ಎಂದೆ. ಕೆಫೆಯವರು ನಕ್ಕರು. ನನ್ನ ಮೊಮ್ಮಗಳ ಪಟ ನನಗೇ ಕಾಣಲಿಲ್ಲ. ತುಂಬ ಸಂತೋಷವಾಯಿತು.

ಇನ್ನು ಪೂರಾ ಭದ್ರವಾ ಎಂದು ಅವತ್ತು ಸಂಜೆ ಲೊರ್ನಾಳನ್ನು ಕೇಳಿದೆ. ಸುಳ್ಳು ಹೇಳಿ ಬಚಾವಾಗಬಹುದಿತ್ತು. ಹೇಳಲಿಲ್ಲ. ಪಾಸ್‌ವರ್ಡ್ ಇಲ್ಲದವರಿಗೆ ಸುಲಭದಲ್ಲಿ ತೆರೆಯುವುದಿಲ್ಲ ಅಜ್ಜೀ, ಆದರೆ ಅದು ತಂತಿಯಲ್ಲಿ ಹೋಗುವಾಗ ನಡುವೆ ಕದ್ದು ನೋಡುವವರು ಇರಬಹುದು, ಊಹೆ ಮಾಡಿ ಒತ್ತುವವರು ಇರಬಹುದು, ಒಳಗೆ ಹೋದವರೇ ಪಟ ತೆಗೆದು ಹೊರಗೆ ಕೊಟ್ಟರೆ ಯಾವ ಬೀಗವೂ ತಡೆಯುವುದಿಲ್ಲ ಎಂದಳು. ಹುಡುಕುವ ಕಂಪ್ಯೂಟರಿನವರ ಹತ್ತಿರ ಇರುವ ಸಣ್ಣ ಪಟ ಹೋಗಲಿಕ್ಕೂ ಕೆಲವು ವಾರ ಬೇಕಂತೆ, ತೆಗೆಯಿರಿ ಎಂದು ಬರೆದಿದ್ದಾಳೆ. ಹಾಗಾದರೆ ನನ್ನ ಪಟ ತೆಗೆದುಬಿಡು ಎಂದು ವಿಜೇತಾ ಹೇಳುತ್ತಾಳೆಂದು ನಾನು ಎಣಿಸಿದ್ದೆ. ಅವಳು, ಇರಲಿ, ಆದರೆ ನನ್ನ ಪಟ ಯಾರಿಗೆ ತೆರೆಯಬೇಕೆಂದು ನಾನು ಹೇಳುತ್ತೇನೆ, ಸರ್ವೋತ್ತಮ ಮಾಮ ಅಲ್ಲ, ಅಜ್ಜಿಯೂ ಅಲ್ಲ ಎಂದಳು. ಲೊರ್ನಾ ಹಾಗೆಯೇ ಮಾಡಿಕೊಟ್ಟಳು. ನಿನ್ನೆ ಪರ್ಕಳ ದಾಟುವಾಗ ಹುಡುಗಿ ಬಸ್ಸಿನಲ್ಲಿ ನಿಂತುಕೊಂಡೇ ಬಂದಳಂತೆ. ಸೀಟು ಖಾಲಿ ಇತ್ತಂತೆ.

ನಿನ್ನೆ ಬುಧವಾರ ಸರ್ವೋತ್ತಮರನ್ನು ಮನೆಗೆ ಕರೆಸಿದೆ. ಫೋನಿನಲ್ಲಿ ಹೇಳಿದ್ದು ಹೌದು ಎಂದು ಒಪ್ಪಿದರು. ಮೈಕಿನ ವಿಷಯ ಕೇಳಿದಾಗ, ಅದು ಸದಸ್ಯರಿಗೆ ಮಾತ್ರ ಹೇಳಿದ್ದು ಅಕ್ಕುಅಕ್ಕ ಎಂದರು. ಹೌದು, ಬಸ್ಸಿಗೆ ನಿಂತವರೆಲ್ಲ ಕಿವಿ ಮುಚ್ಚಿಕೊಂಡಿದ್ದರು ಎಂದೆ. ಅವರು ಕೆಟ್ಟವರಲ್ಲ. ಸಂಘದ ಹೆಸರು ಹಾಳಾಗುತ್ತದೆಂದು ಹೆದರಿ, ಹತ್ತಿರ ಸಿಕ್ಕಿದ ಹೆಸರನ್ನು ಬರೆದಿದ್ದಾರೆ. ದೂರು ವಾಪಸು ತಕ್ಕೊಳ್ಳಿ ಎಂದರೆ, ಸಂಘದ ಹೆಸರಿನಲ್ಲಿ ಕೊಟ್ಟದ್ದು, ಸಮಿತಿಯಲ್ಲಿ ನಿರ್ಣಯ ಆಗಬೇಕು, ಮುಂದಿನ ಸಭೆ ಜನವರಿಯಲ್ಲಿ ಎಂದರು. ಜನವರಿಗೆ ಕುವೈತಿನ ಕುರ್ಚಿಯಲ್ಲಿ ಬೇರೆ ಯಾರೋ ಕೂತಿರುತ್ತಾರೆ. ಅದಕ್ಕೇ ನಾನು ಇಲ್ಲಿಗೆ ಬಂದದ್ದು.

ಹಾಗಾಗಿ ಸಾಹೇಬರೇ, ಮುರಿದ ಬೀಗ ಇಲ್ಲ, ಕದ್ದವರೂ ಇಲ್ಲ. ಹೊರಗೆ ಇಡಲಿಕ್ಕೆ ಹೇಳಿದವರು ಒಬ್ಬರು, ಇಟ್ಟವಳು ಒಬ್ಬಳು, ಕೇಳದೆ ಎತ್ತಿಕೊಂಡವನು ಒಬ್ಬ. ಅದಕ್ಕೆ ನಾವು ಬೈದದ್ದು ಆಗಿದೆ, ಅವರು ಕೇಳಿದ್ದೂ ಆಗಿದೆ. ವಿಜೇತಾ, ಚಂಪಾ ಇಬ್ಬರೂ ಹೊರಗೆ ಬೆಂಚಿನಲ್ಲಿ ಕೂತಿದ್ದಾರೆ, ಬೇಕಾದರೆ ಅವರನ್ನೂ ಕೇಳಿ. ದೂರಿನಿಂದ ಲೊರ್ನಾಳ ಹೆಸರು ತೆಗೆದು ಅವಳ ಸರ್ಟಿಫಿಕೇಟು ಕೊಡಬೇಕು.

ಮೇಲೆ ಬರೆಸಿದ್ದರಲ್ಲಿ ನಾನು ಕಂಡದ್ದನ್ನು ಕಂಡೆ ಎಂದಿದ್ದೇನೆ, ಕೇಳಿದ್ದನ್ನು ಅಂತೆ ಎಂದಿದ್ದೇನೆ, ಸೇರಿಸಿದ್ದು ಏನೂ ಇಲ್ಲ. ಮಲಕಪ್ಪನವರು ಪೂರಾ ಓದಿ ಹೇಳಿದರು. ಎರಡು ಕಡೆ ಚಂದ ಮಾಡಿದ್ದರು, ಹೊಡೆಸಿದೆ. ಈಗ ಸರಿ ಉಂಟು.

ಸ್ಥಳ: ಪೊಲೀಸ್ ಠಾಣೆ, ಉಡುಪಿ ಜಿಲ್ಲೆ
ತಾರೀಕು: 17-11-2005
ಸಹಿ: ಅಕ್ಕು (ಹೆಬ್ಬೆಟ್ಟು ಅಲ್ಲ, ಕೈಬರಹ)

ಉತ್ತರ ಬರಹದಲ್ಲೇ ಬೇಕು. ನಮ್ಮ ಪಕ್ಕದ ಮನೆಗೆ ಫೋನ್ ಮಾಡಿ ಹೇಳಬೇಡಿ, ನನಗಿಂತ ಮೊದಲು ಪೆರ್ಡೂರಿಗೆ ಗೊತ್ತಾಗುತ್ತದೆ. ಕವರು ಅಂಟಿಸಿ, ಲೊರ್ನಾಳ ಹೆಸರು ಬರೆದು, ಅವಳ ಕೈಗೇ ಕೊಡಿ. ಅವಳೇ ತೆರೆಯಲಿ. ಡಿಸೆಂಬರ್ ಶುರುವಾಗುವ ಮೊದಲು ಕೊಡಿ.